ಡ್ರಮ್ಸ್ ಇಲ್ಲದ ಆಲ್ಬಮ್

ನಮ್ಮ ಬ್ಯಾಂಡಿನ ಬಗ್ಗೆ ಯಾರೇ ಮಾತಾಡಲಿ, ಎರಡನೇ ಆಲ್ಬಮ್ಮಿನಿಂದಲೇ ಶುರುಮಾಡುತ್ತಾರೆ. ಮೊದಲನೆಯದು ಕುಣಿಯುವ ಪಾಪ್ ಹಾಡುಗಳ ಹುಡುಗಾಟವಂತೆ. ಎರಡನೆಯದು ಪ್ರಯೋಗವಂತೆ, ಬ್ಯಾಂಡ್ ಬೆಳೆದದ್ದೇ ಅದರಿಂದಂತೆ. ಇರಬಹುದು. ಮೊದಲನೆಯದಕ್ಕೆ ಡ್ರಮ್ಸ್ ಬಾರಿಸಿದವನು ನಾನು. ಎರಡನೆಯದರಲ್ಲಿ ಡ್ರಮ್ಸೇ ಇಲ್ಲ.

ಬಾರಿಸಲಿಲ್ಲ ಅಂತಲ್ಲ. ಗುಂಡ್ಲುಪೇಟೆಯಲ್ಲಿ ಚೆಂಡುಹೂ ತುಂಬಿಡುವ ಶೆಡ್ಡೊಂದನ್ನು, ಹೂವಿನ ಕಾಲ ಮುಗಿದ ಮೇಲೆ, ನಾವು ನಾಲ್ವರು ರೆಕಾರ್ಡಿಂಗಿಗೆ ಹಿಡಿದಿದ್ದೆವು. ಹಾಡುವ ಗೆಳೆಯ ಆ ಊರಿನವನೇ. ನಾನು ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ಬಂದು ಬಸ್ಸು ಬದಲಿಸಿ ಹೋಗುತ್ತಿದ್ದೆ. ಮೊದಲು ನಾನು ಬಾರಿಸುವುದು, ಅದನ್ನು ಹೆಡ್‌ಫೋನಿನಲ್ಲಿ ಕಿವಿಗೆ ಹಾಕಿಕೊಂಡು ಉಳಿದವರು ಹಾಡಿ ನುಡಿಸುವುದು. ತಗಡಿನ ಸದ್ದು, ಹಳೇ ರೇಡಿಯೋದ ಗೊರಗೊರ, ಏನೇನೋ ಸೇರಿಸಿದರು. ಕೊನೆಗೊಂದು ದಿನ ಗೆಳೆಯ, "ಡ್ರಮ್ಸ್ ತಗ್ದು ಕೇಳ್ದೆ ಕಣ್ಲಾ. ಹಾಡು ಗಾಳೀಲಿ ತೇಲ್ದಂಗದೆ. ಇಂಗೇ ಇರ್ಲಿ ಬುಡು" ಅಂದ.

ಕೇಳಿದೆ. ನಿಜವಾಗಿಯೂ ಚೆನ್ನಾಗಿತ್ತು. ಹೊಟ್ಟೆ ಉರಿದದ್ದು ಅದಕ್ಕೇ. ಕೆಟ್ಟದಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ಅವರು ಮೂವರೇ ಊರೂರು ತಿರುಗಿದರು. ನನ್ನನ್ನು ಯಾರೂ ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ನಾನು ಬದನಗುಪ್ಪೆಯ ಫ್ಯಾಕ್ಟರಿಗೆ ಸೇರಿಕೊಂಡೆ. ಬಸ್ಸಿನಲ್ಲಿ ಆ ಹಾಡುಗಳನ್ನು ಹಾಕಿಕೊಂಡು ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಾಡಿಸುತ್ತೇನೆ. ಗೆಳೆಯ ಉಸಿರೆಳೆದುಕೊಳ್ಳುವ ಕಡೆಯೆಲ್ಲ ನನ್ನದೊಂದು ಪೆಟ್ಟಿತ್ತು. ಅದು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ಹೋದ ತಿಂಗಳು ಅವನ ಫೋನು ಬಂತು. ಗುಂಡ್ಲುಪೇಟೆಯಲ್ಲೇ ಶೋ ಇದೆಯಂತೆ. "ನೀನಿಲ್ದೆ ತಾಳ ತಪ್ತದೆ ಕಣ್ಲಾ" ಅಂದ. "ಡ್ರಮ್ಸ್ ಸೆಟ್ ತರ್ಲಾ?" ಅಂತ ಕೇಳಿಯೂಬಿಟ್ಟೆ.

"ಸ್ಟೇಜ್ಗಲ್ಲ ಕಣ್ಲಾ. ಇಷ್ಟು ದಿನ ಅವತ್ತು ನೀನು ಬಾರ್ಸಿದ್ದನ್ನೇ ಕಿವೀಗೆ ಆಕೊಂಡು ನುಡಿಸ್ತಿದ್ದೊ. ಲ್ಯಾಪ್‌ಟಾಪ್ ಕೆಟ್ಟು ಎಲ್ಲ ಓಯ್ತು. ಮಿಷಿನ್ ತಾಳ ಸರಿಯಾಗಕಿಲ್ಲ. ಇನ್ನೊಂದ್ಸಲ ಬಾರ್ಸ್ಕೊಡು. ಜನಕ್ಕೇನೂ ಕೇಳ್ಸಕಿಲ್ಲ."

ಬೈಯಬೇಕಿತ್ತು. ಹೋಗಿ ಬಾರಿಸಿಕೊಟ್ಟು ಬಂದೆ.

ಶೋ ದಿನ ಕಲ್ಯಾಣ ಮಂಟಪದ ಕೊನೆಯ ಸಾಲಿನಲ್ಲಿ ಕೂತೆ. ವೇದಿಕೆಯ ಮೇಲೆ ಮೂವರ ಕಿವಿಯಲ್ಲೂ ನಾನಿದ್ದೆ. ನನ್ನ ಕಿವಿಗೆ ಮಾತ್ರ ನಾನು ಕೇಳಿಸಲಿಲ್ಲ. ಗೆಳೆಯ ಉಸಿರೆಳೆದುಕೊಂಡಾಗಲೆಲ್ಲ ನನ್ನ ಬೆರಳು ತಾನಾಗಿ ಮುಂದಿನ ಕುರ್ಚಿಯ ಮೇಲೆ ಬೀಳುತ್ತಿತ್ತು. ಆ ಕುರ್ಚಿಯಲ್ಲಿದ್ದವರು ತಿರುಗಿದರು.

"ಕುಟ್ಬೇಡಿ ಸಾ. ಹಾಡು ಕೆಡ್ತದೆ."

ಕೈಕಟ್ಟಿ ಕೂತೆ.