ಕಸ ಕೆಳಗಿದೆ

ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ಆಸ್ಪತ್ರೆಯ ಮೊದಲ ಮಹಡಿಯ ವಾರ್ಡಿನಲ್ಲಿ ಉರಿಯುತ್ತಿರುವುದು ಒಂದೇ ಟ್ಯೂಬ್‌ಲೈಟು, ಅದೂ ಇರಲೋ ಹೋಗಲೋ ಎಂದು ಮಿನುಗುತ್ತ. ನೀಲಿ ನಿಲುವಂಗಿ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಬಾಗಿಲ ಕಡೆಯಿಂದ ಗುಡಿಸುತ್ತ ಬರುತ್ತಿದ್ದಾರೆ. ಮಂಚ ಬಂದರೆ ಚಪ್ಪಲಿಗಳನ್ನು ಕಾಲಲ್ಲೇ ಪಕ್ಕಕ್ಕೆ ಸರಿಸುತ್ತಾರೆ, ಪೊರಕೆಯನ್ನು ಕೆಳಗೆ ತೂರಿಸಿ ಹತ್ತಿ, ಕಾಗದ, ಬ್ರೆಡ್ಡಿನ ಚೂರು ಎಲ್ಲವನ್ನೂ ಒಂದೇ ಎಳೆತಕ್ಕೆ ಹೊರಗೆ ತರುತ್ತಾರೆ, ಮುಂದಿನ ಮಂಚಕ್ಕೆ ಹೋಗುತ್ತಾರೆ. ಕಿಟಕಿ ಪಕ್ಕದ ಮಂಚ ಬಂದಾಗ ಮಾತ್ರ ಈ ಓಟ ನಿಲ್ಲುತ್ತದೆ. ಪೊರಕೆಯನ್ನು ಗೋಡೆಗೆ ಒರಗಿಸಿ, ಮಂಚದ ಸರಳು ಹಿಡಿದು, ‘ಉಸ್ಸಪ್ಪಾ’ ಎಂದು ಮಂಡಿಯೂರಿ, ಜೇಬಿನ ಟಾರ್ಚು ತೆಗೆದು ಕೆಳಗಿನ ನೆಲವನ್ನು ಮೂಲೆಯಿಂದ ಮೂಲೆಗೆ ನೋಡುತ್ತಾರೆ.

“ಅತ್ತೆ, ಕೆಳಗೆ?” ಎಂದು ಮಂಚದ ಮೇಲಿಂದ ಧ್ವನಿ ಬರುತ್ತದೆ.

“ಏನೂ ಇಲ್ಲ. ಮಲಕ್ಕೋ.”

ಆಮೇಲೆ ಎದ್ದು ಗುಡಿಸುತ್ತಾರೆ. ಮಲಗಿರುವವಳು ಅವರ ಸೊಸೆ, ಎಂಟು ತಿಂಗಳ ಬಸುರಿ. ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತಿದ್ದಾರೆ. ಹಗಲೂ ರಾತ್ರಿ ತಲೆ ತಗ್ಗಿನಲ್ಲಿ, ಕಾಲು ಎತ್ತರದಲ್ಲಿ. ಅತ್ತೆ ದಿನಾ ಬೆಳಿಗ್ಗೆ ಮಂಚದ ಕೆಳಗೆ ಹುಡುಕುವುದು ರಕ್ತವನ್ನು.

ಒಂದೂವರೆ ತಿಂಗಳ ಹಿಂದಿನವರೆಗೂ ಇದೇ ವಾರ್ಡನ್ನು ಗುಡಿಸುತ್ತಿದ್ದವಳು ಈ ಸೊಸೆ. ಅದಕ್ಕೆ ಮೊದಲು ವರ್ಷಗಟ್ಟಲೆ ಗುಡಿಸಿದವರು ಈ ಅತ್ತೆ. ಆಸ್ಪತ್ರೆಯವರ ಬಾಯಲ್ಲಿ ಅತ್ತೆ ದೊಡ್ಡ ಕಸದಕ್ಕ, ಸೊಸೆ ಚಿಕ್ಕ ಕಸದಕ್ಕ. ಮಂಡಿ ಸವೆದ ಮೇಲೆ ಪೊರಕೆಯನ್ನು ಸೊಸೆಗೆ ಒಪ್ಪಿಸಿ, ಮೊಮ್ಮಗಳನ್ನು ನೋಡಿಕೊಂಡು ಮನೆಯಲ್ಲಿದ್ದ ದೊಡ್ಡಕ್ಕ ಈಗ ಮತ್ತೆ ಬಂದಿದ್ದಾರೆ. ಬರದಿದ್ದರೆ ಮೇಸ್ತ್ರಿ ಬೇರೆ ಯಾರನ್ನೋ ತಂದು ನಿಲ್ಲಿಸುತ್ತಾನೆ, ನಿಂತವರು ಆಮೇಲೆ ಜಾಗ ಬಿಡುವುದಿಲ್ಲ. ತೊಟ್ಟಿರುವ ನಿಲುವಂಗಿಯೂ ಸೊಸೆಯದೇ. ತೋಳು ಉದ್ದವಾಗಿ ಕೈ ಮುಚ್ಚುತ್ತದೆಂದು ಎರಡು ಸುತ್ತು ಮಡಚಿದ್ದಾರೆ.

“ಸೊಸೆ ದುಡಿದು ಅತ್ತೆ ಕೂತು ತಿನ್ನೋದನ್ನ ನೋಡಿದ್ದೀರಿ. ನಮ್ಮನೇಲಿ ಉಲ್ಟಾ. ಅವಳು ಮಹಾರಾಣಿ ಹಾಗೆ ಮಲಗಿದ್ದಾಳೆ, ನಾನು ಗುಡಿಸ್ತೀನಿ,” ಎಂದು ದೊಡ್ಡಕ್ಕ ಸೊಸೆಗೆ ಕೇಳುವಂತೆಯೇ ಹೇಳುತ್ತಾರೆ. ಸೊಸೆಗೆ ನಗು ಬರುತ್ತದೆ. ಜೋರಾಗಿ ನಗಲು ಹೆದರಿ, ತುಟಿ ಕಚ್ಚಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ.

ಹೆರಿಗೆ ಆಸ್ಪತ್ರೆಯಲ್ಲಿ ಗುಡಿಸುವವರ ಕೆಲಸ ಪೊರಕೆಗೆ ಮುಗಿಯುವುದಿಲ್ಲ. ರಕ್ತ ಒರೆಸಬೇಕು, ವಾಂತಿ ಒರೆಸಬೇಕು, ಮಲಗಿದಲ್ಲೇ ಇರುವವರ ಮಲಮೂತ್ರದ ಪಾತ್ರೆ ತೊಳೆಯಬೇಕು. ಮಗು ಹುಟ್ಟಿದ ಮೇಲೆ ತಾಯಿಯ ಹೊಟ್ಟೆಯಿಂದ ಬೀಳುವ ಮಾಸನ್ನು ಬಕೆಟ್ಟಿನಲ್ಲಿ ಹೊತ್ತು ಹಿಂದಿನ ಬಾಗಿಲಿಗೆ ಒಯ್ಯಬೇಕು. ಆ ಮಾಸಿಗೆ ನಮ್ಮ ಜನರ ಬಾಯಲ್ಲಿ ಕಸ ಎಂದೇ ಹೆಸರು. ಮಗುವಿಗೆ ಅಷ್ಟೂ ತಿಂಗಳು ಉಸಿರು, ಆಹಾರ ಎಲ್ಲ ಕೊಟ್ಟು ಸಾಕುವ ಅಂಗಕ್ಕೆ ಇಂಥ ಹೆಸರಿಟ್ಟವರು ಯಾರೋ, ಸಿಕ್ಕಿದರೆ ಎರಡು ಮಾತು ಕೇಳಬೇಕು ಎನಿಸುತ್ತದೆ, ಇವರ ಬಗ್ಗೆ ಬರೆಯಲೆಂದು ಬಂದಿರುವ ನನಗೆ. ಈ ಮನೆಯ ಕಷ್ಟ ಶುರುವಾದದ್ದೇ ಆ ಹೆಸರಿನಿಂದ.

ಐದನೇ ತಿಂಗಳ ಸ್ಕ್ಯಾನಿಂಗ್. ಬೆಳಿಗ್ಗೆ ತಾನೇ ಗುಡಿಸಿ ಒರೆಸಿದ್ದ ಕೋಣೆಯಲ್ಲಿ ಚಿಕ್ಕಕ್ಕ ಹೊಟ್ಟೆ ತೆರೆದು ಮಲಗಿದ್ದಾಳೆ. ಡಾಕ್ಟರು ಪರದೆ ನೋಡುತ್ತ, ಪಕ್ಕದ ನರ್ಸಿಗೆ, “ಕಸ ಕೆಳಗಿದೆ,” ಅನ್ನುತ್ತಾರೆ.

“ನಂಗೆ ನಾಚಿಕೆಯಾಗೋಯ್ತು. ಈಗಷ್ಟೇ ಗುಡಿಸಿದ್ನಲ್ಲ ಡಾಕ್ಟ್ರೇ, ಇರಿ ಎತ್ಬಿಡ್ತೀನಿ ಅಂತ ಮೊಣಕೈ ಊರಿ ಇಳಿಯೋಕೆ ಹೋದೆ,” ಎಂದು ಆಕೆ ನೆನೆಯುತ್ತಾಳೆ. “ಇಬ್ರೂ ನಗಾಡಿಬಿಟ್ರು. ಆ ಕಸ ಅಲ್ಲಮ್ಮ, ಹೊಟ್ಟೆ ಒಳಗಿನ ಕಸ ಅಂದ್ರು. ನಾನೂ ನಕ್ಕೆ. ಅಷ್ಟರಲ್ಲಿ ಸ್ಕ್ಯಾನಿಂಗಿಗೆ ಮುಂದಿನೋರು ಬಂದ್ರು.”

ಆ ನಗು ಮಧ್ಯಾಹ್ನದೊಳಗೆ ಇಡೀ ಆಸ್ಪತ್ರೆ ಸುತ್ತಿತು. ಔಷಧಿ ಕೊಡುವವರು, ಕಾವಲಿನವರು, ಚಹಾ ಮಾರುವವನು, ಸಿಕ್ಕಸಿಕ್ಕವರೆಲ್ಲ ‘ಕಸ ಎತ್ತಿದೆಯಾ’ ಎಂದು ಕೇಳಿ ತಮಾಷೆ ಮಾಡಿದರು. ಭಾರ ಎತ್ತಬೇಡ, ಹೆಚ್ಚು ಬಗ್ಗಬೇಡ, ರಕ್ತ ಕಂಡರೆ ಆ ಕ್ಷಣ ಬಾ, ಬಹಳ ಜನಕ್ಕೆ ತಾನಾಗಿಯೇ ಮೇಲೆ ಸರಿಯುತ್ತದೆ, ಮುಂದಿನ ಸಲ ನೋಡೋಣ ಎಂದು ಡಾಕ್ಟರು ಹೇಳಿದ್ದೇನೋ ನಿಜ. ಯಾಕೆ ಎಂಬುದು ಮಾತ್ರ ನಗುವಿನಲ್ಲಿ ಕೊಚ್ಚಿಹೋಯಿತು. ಗುಡಿಸುವವಳಿಗೆ ಬಗ್ಗಬೇಡ ಅಂದರೆ ಏನರ್ಥ ಎಂದು ಯಾರೂ ಯೋಚಿಸಿದಂತಿಲ್ಲ.

“ಕಸ ಅಂದ್ರೆ ಗೊತ್ತಿಲ್ಲ ಅಂತಲ್ಲ,” ಅನ್ನುತ್ತಾಳೆ ಚಿಕ್ಕಕ್ಕ. “ದಿನಾ ಎತ್ತೋದೇ ಅದನ್ನ. ಆದ್ರೆ ಅದು ಹೊರಗೆ ಬಂದಮೇಲೇ ನಂಗೆ ಪರಿಚಯ. ಒಳಗೆ ಅದಕ್ಕೊಂದು ಜಾಗ ಇರುತ್ತೆ, ಮೇಲೆ ಕೆಳಗೆ ಅಂತ ಇರುತ್ತೆ ಅಂತ ಯಾರು ಕಂಡಿದ್ರು?”

ಮನೆಗೆ ಹೋಗಿ ಅತ್ತೆಗೆ ಹೇಳಿದಳು. ಅತ್ತೆ ಆ ಹೊತ್ತು ಆಡಿದ ಮಾತನ್ನು ನನ್ನೆದುರು ಮತ್ತೆ ಆಡುವಾಗ ಪೊರಕೆಯ ಕಡ್ಡಿ ಕೀಳುತ್ತ ನೆಲ ನೋಡುತ್ತಾರೆ. “ಕೆಳಗಿದ್ರೆ ಒಳ್ಳೇದೇ ಅಲ್ವೇನೆ, ಬೇಗ ಬಿದ್ದುಹೋಗುತ್ತೆ ಅಂದೆ. ನಾನು ಕಂಡ ಸಾವೆಲ್ಲ ಕಸ ಬೀಳದೆ ಆದ ಸಾವು. ಮಗು ಬಂತು, ಕಸ ಬರಲಿಲ್ಲ ಅಂದ್ರೆ ಓಡಾಟ ಶುರುವಾಗೋದು. ಅದಕ್ಕೇ, ಕೆಳಗಿದೆ ಅಂದ ತಕ್ಷಣ ನಂಗೆ ನೆಮ್ಮದಿ ಆಯ್ತು. ಫೈಲಲ್ಲಿ ಅದ್ಯಾವುದೋ ದೊಡ್ಡ ಹೆಸರು ಇದೆಯಲ್ಲ, ಜರಾಯು. ಹಾಗಂದಿದ್ರೆ ಹೆದರ್ತಿದ್ವಿ. ಕಸ ಅಂದ್ರೆ ಯಾರು ಹೆದರ್ತಾರೆ ಹೇಳಿ.”

ಹೀಗೆ ನೆಮ್ಮದಿಯಿಂದಲೇ ಚಿಕ್ಕಕ್ಕ ಏಳನೇ ತಿಂಗಳವರೆಗೆ ಗುಡಿಸಿದಳು. ಒಂದು ಬೆಳಿಗ್ಗೆ ಹೆರಿಗೆ ಕೋಣೆಯ ಹೊರಗಿನ ಉದ್ದನೆಯ ಹಾದಿಯನ್ನು ಒರೆಸುತ್ತಿದ್ದಾಗ, ಈಗಷ್ಟೇ ಒರೆಸಿದ ನೆಲದ ಮೇಲೆ ಕೆಂಪು ಕಂಡಿತು. ಆ ಹಾದಿಯಲ್ಲಿ ರಕ್ತ ಕಾಣುವುದು ಹೊಸದೇನಲ್ಲ.

“ಯಾರದೋ ಅಂದ್ಕೊಂಡು ಒರೆಸಿದೆ. ತಿರುಗಿ ನೋಡಿದ್ರೆ ಮತ್ತೆ ಇತ್ತು. ಅಯ್ಯೋ ಇದೇನಿದು ಅಂತ ಫಿನೈಲು ಹಾಕಿ ಮತ್ತೆ ಒರೆಸಿದೆ. ಒಂಚೂರೂ ನೋವಿರಲಿಲ್ಲ ಸ್ವಾಮಿ. ನೋವಾಗಿದ್ರೆ ಗೊತ್ತಾಗ್ತಿತ್ತು. ಕಾಲು ಬೆಚ್ಚಗಾದಾಗ ಬಗ್ಗಿ ನೋಡ್ಕೊಂಡೆ.”

ತನ್ನ ರಕ್ತವನ್ನು ತಾನೇ ಎರಡು ಸಲ ಒರೆಸಿದ ಮೇಲೆ ಆಕೆ ಗೋಡೆ ಹಿಡಿದು ಕೂತಳು. ಮೊದಲು ಕಂಡ ನರ್ಸು ಕೂಗಿದ್ದು, “ಯಾರಲ್ಲಿ, ಕಸದಕ್ಕನ್ನ ಕರೀರಿ, ನೆಲ ಒರೆಸಬೇಕು,” ಎಂದು. ಆಮೇಲೆ ಮುಖ ನೋಡಿ ಸ್ಟ್ರೆಚರ್ ಎಳೆದುಕೊಂಡು ಓಡಿ ಬಂದಳಂತೆ.

ಆವತ್ತು ಮಲಗಿದವಳು ಇನ್ನೂ ಎದ್ದಿಲ್ಲ. ಸಂಗತಿಯನ್ನು ಈ ಸಲ ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಅತ್ತೆ ಸೊಸೆ ಇಬ್ಬರಿಗೂ ಬಿಡಿಸಿ ಹೇಳಿದ್ದಾರೆ. ಮಗು ಹೊರಬರುವ ಬಾಗಿಲಿಗೇ ಮಾಸು ಅಡ್ಡ ಕೂತಿದೆ. ಬಾಗಿಲು ಸ್ವಲ್ಪ ಸರಿದರೂ ಅದು ಹರಿದು ರಕ್ತ ಹೋಗುತ್ತದೆ, ಹೋದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಮೊದಲ ಮಗಳು ಹುಟ್ಟಿದ್ದು ಹೊಟ್ಟೆ ಕೊಯ್ದು. ಆ ಹಳೆಯ ಗಾಯದೊಳಕ್ಕೆ ಮಾಸು ಬೇರಿಳಿಸಿದೆ ಎಂಬ ಅನುಮಾನವೂ ಇದೆ. ಹಾಗಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮಗುವಿನ ಶ್ವಾಸಕೋಶ ಗಟ್ಟಿಯಾಗಲು ಸೂಜಿ ಕೊಟ್ಟಿದ್ದಾರೆ. ಇನ್ನು ಎಷ್ಟು ದಿನ ಒಳಗಿದ್ದರೆ ಅಷ್ಟು ಲಾಭ, ಅಷ್ಟೇ ಭಯ. ಚಿಕ್ಕಕ್ಕನ ಗಂಡ ಸರಕು ಲಾರಿ ಓಡಿಸುತ್ತಾನೆ. ಅವನೂ ಅವನ ಜೊತೆಯ ಚಾಲಕರೂ ಬಂದು ರಕ್ತ ಕೊಟ್ಟು ಹೋಗಿದ್ದಾರೆ.

ಮಲಗಿರುವುದೂ ಒಂದು ದುಡಿಮೆ ಎಂದು ನನಗೆ ಗೊತ್ತಾದದ್ದು ಈ ಮಂಚದ ಪಕ್ಕ ಕೂತ ಮೇಲೆ. ಕೆಮ್ಮು ಬಂದರೆ ತಡೆಯಬೇಕು, ಸೀನು ಬಂದರೆ ತಡೆಯಬೇಕು. ಮಗ್ಗುಲು ಬದಲಿಸುವಾಗಲೂ ಯೋಚಿಸಬೇಕು. ಕಣ್ಣೆದುರಿಗೇ ಮೂಲೆಯಲ್ಲಿ ಜೇಡರ ಬಲೆ ಕಟ್ಟಿದೆ, ಅತ್ತೆಯ ಕೈಗೆ ಎಟುಕುವುದಿಲ್ಲ. ಅದನ್ನು ನೋಡಿಕೊಂಡು ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ ಅನ್ನುತ್ತಾಳೆ ಚಿಕ್ಕಕ್ಕ. ಎದುರು ಮಂಚದಲ್ಲಿ ಇದೇ ತೊಂದರೆಯಿಂದ ಮಲಗಿದ್ದವಳೊಬ್ಬಳನ್ನು ಹೋದ ವಾರ ಎತ್ತಿಕೊಂಡು ಓಡಿದರು, ಅವಳು ಮರಳಿ ಬರಲಿಲ್ಲ. ಅವಳ ಚಪ್ಪಲಿಯನ್ನು ಕೇಳಿಕೊಂಡು ಬಂದದ್ದು ಅವಳ ಅಣ್ಣ. ಆ ಚಪ್ಪಲಿ ತೆಗೆದುಕೊಟ್ಟದ್ದು ದೊಡ್ಡಕ್ಕ.

ಭಾನುವಾರ ಮಗಳು ಬರುತ್ತಾಳೆ. ಒಂದನೇ ತರಗತಿ. ಮೊದಲ ದಿನ ಮಂಚದ ಕೆಳಗಿನ ಇಟ್ಟಿಗೆ ನೋಡಿ, “ಇಲ್ಲೇ ಮನೆ ಕಟ್ಕೊಂಡು ಇದ್ಬಿಡ್ತೀಯಾ ಅಮ್ಮ?” ಎಂದು ಕೇಳಿದಳಂತೆ. ವಾರ್ಡೆಲ್ಲ ನಕ್ಕಿತು. ಹೋಗುವಾಗ ಹುಡುಗಿ ತಾಯಿಯ ನಿಲುವಂಗಿಯನ್ನೇ ಹಿಡಿದು ಅತ್ತಳು, ಅದು ಅಜ್ಜಿಯ ಮೈಮೇಲಿತ್ತು.

ಏನು ಬೇಕು ನಿಮಗೆ ಎಂದು ಚಿಕ್ಕಕ್ಕನನ್ನು ಕೇಳುತ್ತೇನೆ. ಮಗು ಉಳಿಯಬೇಕು ಅನ್ನುತ್ತಾಳೆ. ಅದು ಗೊತ್ತಿದ್ದದ್ದೇ. ಅತ್ತೆ ದೂರದಲ್ಲಿದ್ದಾರೆಂದು ನೋಡಿಕೊಂಡು ಇನ್ನೊಂದು ಹೇಳುತ್ತಾಳೆ.

“ಎಷ್ಟು ಜನರ ಕಸ ಎತ್ತಿದ್ದೀನೋ ಲೆಕ್ಕ ಇಲ್ಲ. ಬಕೆಟ್ ಹಿಡಿದು ಹೋಗ್ತಿದ್ರೆ ಎದುರು ಬಂದವರೆಲ್ಲ ಮೂಗು ಮುಚ್ಕೊಂಡು ಗೋಡೆಗೆ ಅಂಟ್ಕೋತಾರೆ. ಸರಿ, ವಾಸನೆ ಬರುತ್ತೆ, ಮುಚ್ಕೋತಾರೆ. ನನ್ನೊಳಗಿರೋ ಇದು ನನ್ನ ಮಗೂನ ಸಾಕ್ತಾ ಇದೆ, ನನ್ನ ಕೊಲ್ಲೋದೂ ಇದೇ ಇರಬಹುದು. ಆದ್ರೂ ನಂದು. ನಂದನ್ನ ಎತ್ತೋರು ಮೂಗು ಮುಚ್ಕೊಳ್ದೆ ಎತ್ತಿದ್ರೆ ಸಾಕು.”

ಮುಂದಿನ ವಾರ ಮತ್ತೆ ಹೋಗುತ್ತೇನೆ. ಕಿಟಕಿ ಪಕ್ಕದ ಮಂಚ ಖಾಲಿ. ಇಟ್ಟಿಗೆಗಳು ಇದ್ದಲ್ಲೇ ಇವೆ, ಹಾಸಿಗೆ ಮಡಚಿಟ್ಟಿದ್ದಾರೆ. ದೊಡ್ಡಕ್ಕ ಮೆಟ್ಟಿಲ ಹತ್ತಿರ ಸಿಕ್ಕಿ, ಕೇಳುವ ಮೊದಲೇ ಹೇಳುತ್ತಾರೆ.

“ಮೊನ್ನೆ ಬೆಳಿಗ್ಗೆ ಟಾರ್ಚ್ ಬಿಟ್ಟೆ. ಅತ್ತೆ, ಕೆಳಗೆ? ಅಂದ್ಳು. ತೊಟ್ಟಿಕ್ತಾ ಇರಲಿಲ್ಲ, ಸುರೀತಾ ಇತ್ತು. ಇಷ್ಟು ವರ್ಷದಲ್ಲಿ ಬಿದ್ದಿದ್ದನ್ನ ಒರೆಸದೆ ಬಿಟ್ಟು ಹೋದೋಳಲ್ಲ ನಾನು. ಆವತ್ತು ಪೊರಕೆ ಬಿಸಾಕಿ ಓಡಿದೆ. ಆ ನೆಲ ಯಾರು ಒರೆಸಿದ್ರೋ ಇವತ್ತಿಗೂ ಗೊತ್ತಿಲ್ಲ.”

ಸೊಸೆಯನ್ನು ಒಳಗೆ ಒಯ್ದ ಮೇಲೆ ದೊಡ್ಡಕ್ಕ ಆಪರೇಷನ್ ಕೋಣೆಯ ಹೊರಗೆ ನೆಲದ ಮೇಲೆ ಕೂತರು. ಒಳಗಿಂದ ರಕ್ತಕ್ಕಾಗಿ ಓಡುವವರು, ಹೊರಗಿಂದ ರಕ್ತ ತಂದು ಓಡುವವರು. ಯಾರನ್ನು ಕೇಳಿದರೂ ಇರಮ್ಮ, ಇರಮ್ಮ. ಕೊನೆಗೆ ಬಾಗಿಲು ತೆರೆದು, ಮುಖಕ್ಕೆ ಮುಸುಕು ಕಟ್ಟಿದ್ದ ಹೊಸ ನರ್ಸೊಬ್ಬಳು ಆಚೀಚೆ ನೋಡಿದಳು. ನೀಲಿ ನಿಲುವಂಗಿ ಕಣ್ಣಿಗೆ ಬಿತ್ತು. ಮುಚ್ಚಳ ಹಾಕಿದ ಬಕೆಟ್ಟನ್ನು ಚಾಚಿ, “ತಗೊಳಮ್ಮ, ಇದನ್ನ ಲ್ಯಾಬಿಗೆ ಕೊಟ್ಟು ಬಾ,” ಅಂದಳು.

“ಅವಳದೇನು ತಪ್ಪು, ಅಂಗಿ ನೋಡಿ ಕೊಟ್ಳು,” ಅನ್ನುತ್ತಾರೆ ದೊಡ್ಡಕ್ಕ. “ಬಕೆಟ್ ಹಿಡ್ಕೊಂಡೇ ಕೇಳಿದೆ, ತಾಯಿ? ಅಂತ. ಇದ್ದಾಳೆ, ಗರ್ಭಕೋಶ ತೆಗೀಬೇಕಾಯ್ತು ಅಂದ್ಳು. ಮಗು? ಅಂದೆ. ಇದೆ, ತುಂಬಾ ಚಿಕ್ಕದು ಅಂದ್ಳು. ಯಾಕಮ್ಮ ಅಳ್ತೀಯ ಅಂತ ಆಮೇಲೆ ಕೇಳಿದ್ಳು.”

ಮಗು ಹೆಣ್ಣು. ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಮೊದಲ ದಿನ ಯಂತ್ರವೇ ಉಸಿರಾಡಿಸಿತು. ನಾನು ಹೋದ ಹೊತ್ತಿಗೆ ಕೊಳವೆ ತೆಗೆದಿದ್ದಾರೆ, ಪುಟ್ಟ ಎದೆಗೂಡು ತಾನೇ ಏರಿಳಿಯುತ್ತಿದೆ. ಗಂಡಾಂತರ ಪೂರ್ತಿ ಕಳೆದಿಲ್ಲ, ಇನ್ನೂ ಕೆಲವು ದಿನ ನೋಡಬೇಕು ಅನ್ನುತ್ತಾರೆ ಡಾಕ್ಟರಮ್ಮ. ಚಿಕ್ಕಕ್ಕ ಕೆಳಗಿನ ವಾರ್ಡಿನಲ್ಲಿ, ಬಾಗಿಲ ಪಕ್ಕದ ಮಂಚದಲ್ಲಿದ್ದಾಳೆ. ಈ ಮಂಚಕ್ಕೆ ಇಟ್ಟಿಗೆ ಇಲ್ಲ. ಮುಖ ಸುಣ್ಣದಂತೆ ಬಿಳುಪೇರಿದೆ, ತುಟಿ ಒಡೆದಿದೆ. ಮತ್ತೆ ಬಗ್ಗಿ ಗುಡಿಸಲು ತಿಂಗಳುಗಳೇ ಬೇಕು. ಅಲ್ಲಿಯವರೆಗೂ ಸವೆದ ಮಂಡಿಯ ಮೇಲೆಯೇ ಈ ಸಂಸಾರ ನಡೆಯಬೇಕು.

ದೊಡ್ಡಕ್ಕ ಮಂಚದ ಸುತ್ತ ಒರೆಸುತ್ತಿದ್ದಾರೆ. ಸೊಸೆ ತಲೆ ಹೊರಳಿಸಿ, ಕೇಳಿಸಿಯೂ ಕೇಳಿಸದಷ್ಟು ಸಣ್ಣ ಧ್ವನಿಯಲ್ಲಿ ಕೇಳುತ್ತಾಳೆ.

“ಅತ್ತೆ, ನನ್ನ ಕಸ ಯಾರು ಎತ್ತಿದ್ರು?”

ಒರೆಸುವ ಕೋಲು ನಿಲ್ಲುತ್ತದೆ. ಅಂದು ಆಕೆ ನನ್ನೊಬ್ಬನಿಗೇ ಹೇಳಿದ್ದು ಅತ್ತೆಯ ಕಿವಿಗೂ ಬಿದ್ದಿತ್ತೆಂದು ನನಗೆ ಅವರ ಉತ್ತರದಿಂದ ತಿಳಿಯುತ್ತದೆ.

“ನಾನೇ ಕಣೆ. ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೆ. ಮೂಗು ಮುಚ್ಕೊಳೋಕೆ ಕೈಯೆಲ್ಲಿ ಬಿಡುವಿತ್ತು?”