ಜಪಾನಿ ಕತ್ತಿಗೆ ನಾನು ಕೊಟ್ಟ ಮಾತು

ಅರವತ್ತರ ದಶಕದಲ್ಲಿ ನಾನು ಹೊಳೆನರಸೀಪುರಕ್ಕೆ ನಾಲ್ಕೈದು ಮೈಲಿ ದೂರದ ಒಂದು ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದೆ. ಸ್ಕೂಲಿನ ಪಕ್ಕದ ಕೋಣೆಯಲ್ಲೇ ವಾಸ. ಶನಿವಾರ ಸಂಜೆ ಸೈಕಲ್ ಹತ್ತಿ ಟೌನಿಗೆ ಹೋಗಿ ಟೆಂಟ್ ಸಿನಿಮಾ ನೋಡುವುದೊಂದೇ ನನಗಿದ್ದ ಮೋಜು.

ಟೆಂಟಿನ ಮಾಲೀಕರು ಅರಕಲಗೂಡು ಕಡೆಯವರು. ಒಂದು ದಿನ ನನ್ನ ಸೈಕಲ್ ಹಿಡಿದು ನಿಲ್ಲಿಸಿ, "ಮೇಷ್ಟ್ರೇ, ನಿಮ್ಗೆ ಇಂಗ್ಲಿಷ್ ಬತ್ತದಲ್ವಾ? ಬೆಂಗಳೂರಿಂದ ಜಪಾನಿ ಪಿಚ್ಚರ್ ಬಂದದೆ. ಬರೀ ಕತ್ತಿ ಕಾಳಗ. ಮಾತು ಯಾರಿಗೂ ಅರ್ಥವಾಗಾಕಿಲ್ಲ. ಕೆಳಗಡೆ ಇಂಗ್ಲಿಷಲ್ಲಿ ಬತ್ತದೆ, ನೀವು ಮೈಕಲ್ಲಿ ಕನ್ನಡ ಹೇಳ್ಬುಡಿ" ಎಂದರು. ನನಗೂ ಹುಮ್ಮಸ್ಸು. ಒಪ್ಪಿಕೊಂಡೆ.

ಚಿತ್ರ ಮೂರು ಭಾಗದ್ದು, ಶನಿವಾರಕ್ಕೊಂದು. ಯಾವ ಒಡೆಯನಿಗೂ ಸೇರದ ಕತ್ತಿಗಾರನೊಬ್ಬ ಊರಿಂದ ಊರಿಗೆ ಅಲೆಯುತ್ತಾನೆ. ಹೋದಲ್ಲೆಲ್ಲ ಯಾರೋ ಅವನನ್ನು ಕೆಣಕುತ್ತಾರೆ. ನಮ್ಮ ರಾಜರ ಕಥೆಗಳ ಸಿನಿಮಾದಲ್ಲಿ ಕತ್ತಿಗೆ ಕತ್ತಿ ತಾಗಿ ಹತ್ತು ನಿಮಿಷ ಟಣಟಣ ಎನ್ನುತ್ತಿತ್ತು, ಕೊನೆಗೆ ಯಾರೂ ಸಾಯುತ್ತಿರಲಿಲ್ಲ. ಇಲ್ಲಿ ಇಬ್ಬರೂ ಅಲುಗದೆ ನಿಲ್ಲುವರು. ಒಂದೇ ಬೀಸು. ಒಬ್ಬ ಬೀಳುವನು. ನೆತ್ತರು ಆ ಕಪ್ಪು ಬಿಳುಪಿನಲ್ಲಿ ಡಾಂಬರಿನಂತೆ ಕಾಣುತ್ತಿತ್ತು. ಮೊದಲ ಶನಿವಾರ ನೆಲದ ಮೇಲೆ ಕೂತಿದ್ದವರಲ್ಲಿ ಒಬ್ಬರೂ ಶಿಳ್ಳೆ ಹಾಕಲಿಲ್ಲ. ಎರಡನೆಯ ಶನಿವಾರದ ಹೊತ್ತಿಗೆ ನನ್ನ ಹಳ್ಳಿಯಿಂದಲೇ ಎರಡು ಗಾಡಿ ಜನ ಬಂದಿದ್ದರು.

ಮೂರನೆಯ ಭಾಗ ಬರಲಿದ್ದ ವಾರ ಹಳ್ಳಿಯಲ್ಲಿ ಒಂದು ಹೊಡೆತ ಕಂಡೆ. ಊರಿನ ಅರ್ಧ ಗದ್ದೆಗೆ ಒಡೆಯರಾದ ಯಜಮಾನರು ತಮ್ಮ ಆಳನ್ನು ಸ್ಕೂಲಿನ ಎದುರೇ ಬಾರುಕೋಲಿನಿಂದ ಬಡಿದರು. ಅವನು ಕೇರಿಯವನು, ಮೂವತ್ತರ ಪ್ರಾಯ. ಬೇರೆಯವರ ಗದ್ದೆಗೆ ನಾಟಿಗೆ ಹೋಗಿದ್ದೇ ತಪ್ಪು. ಬೆನ್ನಿನ ಚರ್ಮ ಕಿತ್ತು ಬಂತು. "ನನ್ ಮನೆ ಅಂಬ್ಲಿ ಕುಡ್ದ ಮೈ ಕಣ್ಲಾ ಇದು. ಬಡಿಯೋನೂ ನಾನೇ, ಬುಡೋನೂ ನಾನೇ" ಎನ್ನುತ್ತ ಹೊಡೆದರು. ನಾನು ಮಕ್ಕಳನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ಮಗ್ಗಿ ಹೇಳಿಸಿದೆ.

ಆ ಶನಿವಾರ ಪರದೆಯ ಮೇಲೊಬ್ಬ ಜಪಾನಿ ಜಮೀನ್ದಾರ ತನ್ನ ರೈತನೊಬ್ಬನನ್ನು ಕೆಸರಿನಲ್ಲಿ ಉರುಳಿಸಿ ದೊಣ್ಣೆಯಿಂದ ಬಡಿಯುತ್ತಿದ್ದ. ಕೆಳಗಿನ ಇಂಗ್ಲಿಷ್ ಓದುವ ಮೊದಲೇ ಮಾಯವಾಯಿತು. ನನ್ನ ಬಾಯಿಂದ ಬಂದದ್ದು, "ನನ್ ಮನೆ ಅಂಬ್ಲಿ ಕುಡ್ದ ಮೈ ಕಣ್ಲಾ ಇದು." ನಮ್ಮ ಹಳ್ಳಿಯವರು ಕೂತಿದ್ದ ಕಡೆ ನಗು ಎದ್ದಿತು. ನಾನು ಉಬ್ಬಿಹೋದೆ. ಉಳಿದ ಮಾತನ್ನೂ ಹೇಳಿದೆ, ಯಜಮಾನರ ಕೆಮ್ಮನ್ನೂ ಕೆಮ್ಮಿದೆ. ಕತ್ತಿಗಾರ ಬಂದು ಆ ಜಪಾನಿಯನ್ನು ಹೆಗಲಿನಿಂದ ಸೊಂಟದವರೆಗೆ ಸೀಳಿದಾಗ ಜನ ಎದ್ದು ನಿಂತು ಟವೆಲು ಬೀಸಿದರು. "ಇನ್ನೊಂದು ಆಕ್ಲಾ" ಎಂದು ಯಾರೋ ಕೂಗಿದರು. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಯಜಮಾನರ ತಮ್ಮನ ಮಗ ಎದ್ದು ಹೊರಗೆ ಹೋದದ್ದನ್ನು ಕಂಡೆ. ಆಗಲೂ ಖುಷಿಯೇ ಆಯಿತು.

ಮರುದಿನ ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಆ ಆಳಿನ ಹೆಂಡತಿ ಓಡಿ ಬಂದಳು.

"ಸಾ, ನೀವು ಟೆಂಟಲ್ಲಿ ಏನಂದ್ರೋ ನಂಗೊತ್ತಿಲ್ಲ. ಮೇಷ್ಟ್ರ ಕಿವಿಗೆ ಊದ್ದೋನು ನೀನೇ ಅಂತ ಇವ್ರನ್ನ ಕೊಟ್ಟಿಗೆಗೆ ಎಳ್ಕಂಡ್ ಓದ್ರು. ನಾವು ಆ ಪಿಚ್ಚರ್‌ಗೆ ಓಗೇ ಇಲ್ಲ ಸಾ."

ನಾನು ಓಡಿದೆ. ಕೊಟ್ಟಿಗೆಯಲ್ಲಿ ಅವನನ್ನು ಗೋದಲಿಯ ಪಕ್ಕ ಕೆಡವಿದ್ದರು. ಬಲಗೈಯನ್ನು ಒರಳುಕಲ್ಲಿನ ಮೇಲೆ ಇಡಿಸಿ ಒನಕೆಯಿಂದ ಕುಟ್ಟಿದ್ದರು. ಬೆರಳುಗಳಿಗೆ ಬೆರಳಿನ ಆಕಾರ ಇರಲಿಲ್ಲ. ಅವನು ಕೂಗುತ್ತಿರಲಿಲ್ಲ, ಬಾಯಲ್ಲಿ ಟವೆಲು ತುರುಕಿದ್ದರು. ಒನಕೆ ತಮ್ಮನ ಮಗನ ಕೈಲಿತ್ತು. ಯಜಮಾನರು ಕಂಬಕ್ಕೆ ಒರಗಿ ನಿಂತಿದ್ದರು.

"ನನಗೆ ಯಾರೂ ಹೇಳಿಲ್ಲ. ನನ್ನ ಕಣ್ಣಾರೆ ನೋಡಿದ್ದು. ಹೇಳಿದೋನು ನಾನು" ಎಂದೆ.

ಯಜಮಾನರು ನನ್ನನ್ನೇ ನೋಡಿದರು. "ಮೇಷ್ಟ್ರೇ, ನೀವು ಓದ್ದೋರು. ನಿಮ್ಮನ್ನ ನಾವು ಮುಟ್ಟಕಾಯ್ತದಾ? ಅದ್ಕೇ ಇವ್ನ ಮುಟ್ಟಿದ್ದು."

ಆ ಮಾತಿಗೆ ನನ್ನ ತಲೆ ಕೆಟ್ಟಿತು. ನುಗ್ಗಿ ಒನಕೆ ಹಿಡಿದೆ. ತಮ್ಮನ ಮಗ ಅದನ್ನು ಕಿತ್ತುಕೊಂಡು ಅದರ ತುದಿಯಿಂದ ನನ್ನ ಬಾಯಿಗೆ ತಿವಿದ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ಮೇಷ್ಟ್ರ ರಕ್ತ ಕಂಡ ಮೇಲೆ ಅವರ ಆಳುಗಳೇ ಬೆಚ್ಚಿ ನಡುವೆ ಬಂದರು. ಅವರಲ್ಲೊಬ್ಬ ಗಾಡಿ ಕಟ್ಟಿದ. ಹೊಳೆನರಸೀಪುರದ ಆಸ್ಪತ್ರೆ ಮುಟ್ಟುವವರೆಗೂ ಹೆಂಡತಿ ಗಂಡನ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಸೀರೆಯೆಲ್ಲ ನೆನೆದು ಗಾಡಿಯ ಹಲಗೆಗೆ ಅಂಟಿತ್ತು.

ಡಾಕ್ಟರು ನಾಲ್ಕು ಬೆರಳು ತೆಗೆದರು, ಹೆಬ್ಬೆರಳು ಉಳಿಯಿತು. ನಾನು ಬಾಯಿಗೆ ಹತ್ತಿ ತುರುಕಿಕೊಂಡು ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಬರೆದೆ. ಕೋರ್ಟಿನಲ್ಲಿ ಊರಿನವರು ಒಬ್ಬೊಬ್ಬರಾಗಿ ತಾವು ಏನೂ ನೋಡಿಲ್ಲವೆಂದರು. ಗಾಡಿ ಹೊಡೆದವನು ಮಾತ್ರ ನಿಜ ಹೇಳಿದ. ತಮ್ಮನ ಮಗನಿಗೆ ಜೈಲಾಯಿತು. ಯಜಮಾನರು ಬಿಡುಗಡೆಯಾದರು. ನನ್ನನ್ನು ಹಿರೀಸಾವೆ ಕಡೆಗೆ ವರ್ಗ ಮಾಡಿದರು. ನನ್ನ ಹಲ್ಲಿಗೆ ಊರೇ ಮರುಗಿತು, ಅವನ ಬೆರಳ ವಿಷಯ ಎತ್ತುವವರು ಕಡಿಮೆ.

ಗಂಡ ಹೆಂಡತಿ ಮತ್ತೆ ಆ ಹಳ್ಳಿಗೆ ಕಾಲಿಡಲಿಲ್ಲ. ಹಾಸನದ ಒಂದು ಮರದ ಡಿಪೋದಲ್ಲಿ ಅವನಿಗೆ ಕಾವಲು ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ವಿಚಾರಿಸಿಕೊಂಡು ಹೋದೆ. ಆಕೆ ಮುದ್ದೆ ಮಾಡಿ ಇಬ್ಬರಿಗೂ ಬಡಿಸಿದಳು. ಅವನು ಎಡಗೈಯಿಂದ ಮುದ್ದೆ ಮುರಿದ.

"ಮೊದ್ಮೊದ್ಲು ಎಡಗೈಲಿ ಉಣ್ಣಕೆ ನಾಚ್ಕೆ ಆಗದು ಸಾ" ಎಂದ.

ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿದೆ. "ನಾನು ನಾಲ್ಕು ಜನ ನಗಲಿ ಅಂತ ಆಡಿದ ಮಾತಿಗೆ ನಿನ್ನ ಕೈ ಹೋಯ್ತಪ್ಪ."

ಇಲ್ಲ ಸಾ ಅನ್ನುತ್ತಾನೆ ಎಂದು ಕಾದೆ. ಅವನು ತುತ್ತು ನುಂಗಿ, "ಊಂ ಸಾ, ಅಂಗೇ ಆಯ್ತು" ಎಂದ. ಕೋಪವಿರಲಿಲ್ಲ, ಸಮಾಧಾನ ಮಾಡುವ ಮನಸ್ಸೂ ಇರಲಿಲ್ಲ. ಆಕೆ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು. ನಾನು ತಲೆ ಎತ್ತದೆ ಉಂಡೆ.