ಹನಿಯ ಮೇಲೆ ಬೋರಲಿಟ್ಟ ಲೋಟ

ಹಾಸನ ಜಿಲ್ಲೆಯಲ್ಲಿ ಭೌತಶಾಸ್ತ್ರ ಕಲಿಸಿದ ಹಿರಿಯರು ಅನೇಕರು. ಕಲಿಸುತ್ತಲೇ ಹೊಸದೊಂದನ್ನು ಕಂಡು, ಕಂಡದ್ದಕ್ಕಾಗಿಯೇ ವರ್ಷಗಟ್ಟಲೆ ಒಂಟಿಯಾದವರು ಈಗ ನಿವೃತ್ತರಾಗುತ್ತಿರುವ ಪ್ರೊ. ತಿರುನಾರಾಯಣ ಅವರೊಬ್ಬರೇ. ಅವರ ವಿದ್ಯೆಯನ್ನು ಅಳೆಯಲು ನನ್ನ ಸಂಜೆ ಕಾಲೇಜಿನ ಓದು ಸಾಲದೆಂಬ ಅಳುಕಿದೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ಅರಕಲಗೂಡಿನವರಾದ ಅವರು ತೊಂಬತ್ತರ ದಶಕದ ಆರಂಭದಲ್ಲಿ ಹಾಸನದ ಕಾಲೇಜಿಗೆ ಬಂದರು. ಮದುವೆಯಾಗಲಿಲ್ಲ. ಸಂಜೆ ತರಗತಿ ಮುಗಿಸಿ ಕಡೆಯ ಬಸ್ಸು ತಪ್ಪಿಸಿಕೊಂಡ ವಿದ್ಯಾರ್ಥಿಗಳಿಗೆ ತಮ್ಮ ಕೋಣೆಯಲ್ಲೇ ಊಟ ಹಾಕಿ ಚಾಪೆ ಹಾಸಿಕೊಡುತ್ತಿದ್ದರು. ದಂಡಿಗನಹಳ್ಳಿಯ ಪುಟ್ಟಸ್ವಾಮಿಯವರಂತೂ ಮೇಷ್ಟ್ರ ಪಕ್ಕದ ಎಲೆಗೆ ಕಾಯಂ ಆಗಿಬಿಟ್ಟಿದ್ದರು.

ಸಾಸಿವೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಪ್ಲಾಸ್ಟಿಕ್ ಗೋಲಿಗಳನ್ನು ನೀರಿಗೆ ಬೆರೆಸಿ, ಪದರ ಸುಲಿದ ಸಿ.ಡಿ.ಯ ಗೀರುಗಳ ಮೇಲೆ ಒಂದು ಹನಿ ಬಿಟ್ಟರೆ, ಹನಿ ಆರುವಾಗ ಗೋಲಿಗಳು ಗೀರು ಹಿಡಿದು ತಾವಾಗಿ ಸಾಲುಗಟ್ಟುತ್ತವೆ. ಇದೇ ಅವರು ಕಂಡದ್ದು. "ಮದುವೆ ಮನೇಲಿ ಯಾರನ್ನೂ ಕೈಹಿಡಿದು ಕೂರಿಸಲ್ಲ. ಎಲೆ ಹಾಕ್ತೀವಿ, ಜನ ಕೂರ್ತಾರೆ. ಇಷ್ಟೇ ಕಣ್ರಯ್ಯ," ಎನ್ನುತ್ತಿದ್ದರು.

೧೯೯೯ರಲ್ಲಿ ಪ್ರಬಂಧ ಅಚ್ಚಾಯಿತು. ಓದಿ ಮಾಡಿನೋಡಿದವರಿಗೆ ಸಾಲು ಬರಲಿಲ್ಲ. ಆಗ ಚನ್ನರಾಯಪಟ್ಟಣದಲ್ಲಿ ಉಪನ್ಯಾಸಕರಾಗಿದ್ದ ಪುಟ್ಟಸ್ವಾಮಿಯವರ ಗೋಲಿಗಳೂ ಚೆಲ್ಲಿದ ಕಾಫಿಯ ಕಲೆಯಂತೆ ಹನಿಯ ಅಂಚಿಗೆ ಗುಡ್ಡೆಬಿದ್ದವು. ಹಾಸನಕ್ಕೆ ಬಂದು ಕೇಳಿದರು: "ನಂಗ್ಯಾಕ್ ಬತ್ತಿಲ್ಲ ಸಾ? ನಿಜ ಏಳ್ಬುಡಿ."

ಮಾಡಿ ತೋರಿಸಬಹುದಿತ್ತು. ಶಿಷ್ಯನೇ ತಮ್ಮನ್ನು ನಂಬದೆ ನಿಜ ಕೇಳಿದನೆಂದು ನೊಂದ ಮೇಷ್ಟ್ರಿಗೆ ಕೈಯೇಳಲಿಲ್ಲ. ಪುಟ್ಟಸ್ವಾಮಿ ಮತ್ತೆ ಬರಲಿಲ್ಲ. "ತಿರುನಾರಾಯಣರ ಗೋಲಿಗಳು ಅವರೊಬ್ಬರ ಮಾತೇ ಕೇಳೋದು," ಎಂದು ಸ್ಟಾಫ್ ರೂಮಿನಲ್ಲಿ ನಗೆ ಹಬ್ಬಿತು. ಅವರ ಪಕ್ಕದ ಕುರ್ಚಿ ಖಾಲಿಯಾಯಿತು. ತಮ್ಮ ಮೇಜಿನ ಮೇಲೆ ಸಾಲು ತಪ್ಪದೆ ಬರುತ್ತಿದ್ದರೂ ಅವರು ತಮ್ಮ ಕಣ್ಣನ್ನೇ ಅನುಮಾನಿಸತೊಡಗಿದರು.

೨೦೦೫ರಲ್ಲಿ ಮೇಷ್ಟ್ರು ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕರಾಗಿ ಚನ್ನರಾಯಪಟ್ಟಣದ ಪುಟ್ಟಸ್ವಾಮಿಯವರ ಕಾಲೇಜಿಗೆ ಹೋದಾಗ, ಲ್ಯಾಬಿನ ಮೂಲೆಯಲ್ಲೊಂದು ಹನಿ ಫ್ಯಾನಿನ ಗಾಳಿಗೆ ಒಣಗುತ್ತಿತ್ತು. ಪುಟ್ಟಸ್ವಾಮಿ ಇನ್ನೂ ಕೈಬಿಟ್ಟಿರಲಿಲ್ಲ.

"ಇದೇನಪ್ಪ, ಮುಚ್ಚಿಲ್ಲ?"

"ಏನ್ನ ಸಾ?"

"ಹನೀನ. ಲೋಟ ಬೋರಲು ಹಾಕಲ್ವೇ?"

"ಅಂಗಂತ ಎಲ್ ಬರ್ದಿದ್ರಿ ಸಾ ನೀವು?"

"ಹಾಲು ಮುಚ್ಚಿಡಿ ಅಂತ ಯಾರಾದ್ರೂ ಬರೀತಾರೇನಯ್ಯ!"

ಆಡಿದ ಮೇಲೆ ಅವರಿಗೇ ಹೊಳೆಯಿತು. ಮನೆಯ ರೂಢಿಯಂತೆ ಪ್ರತಿ ಹನಿಯನ್ನೂ ತಮ್ಮ ಕಾಫಿ ಲೋಟದಿಂದ ಮುಚ್ಚುತ್ತಿದ್ದರು. ಆದ್ದರಿಂದಲೇ ಅದು ನಿಧಾನವಾಗಿ ಆರಿ, ಗೋಲಿಗಳಿಗೆ ಕೂರಲು ಪುರಸೊತ್ತು ಸಿಗುತ್ತಿತ್ತು. ಅದೂ ಬರೆಯಬೇಕಾದ ವಿಧಾನವೆಂದು ತೋಚಿರಲಿಲ್ಲ. ಕ್ಯಾಂಟೀನಿನ ಲೋಟ ಬಂತು. ಮರುದಿನ ಸೂಕ್ಷ್ಮದರ್ಶಕದಲ್ಲಿ ಸಾಲುಗಳು ಕಂಡವು.

"ಒಂದ್ ಲೋಟ ನನ್ ಇಷ್ಟ್ ವರ್ಸ ನುಂಗ್ಬುಡ್ತಲ್ಲ ಸಾ!"

"ನಂದೂ ನುಂಗ್ತು ಕಣಯ್ಯ," ಎಂದರು ಮೇಷ್ಟ್ರು.

ತಿದ್ದುಪಡಿಯಾಗಿ ಒಂದೇ ಒಂದು ವಾಕ್ಯ ಅಚ್ಚಾಯಿತು. ನಕ್ಕವರು ಅದನ್ನು ಓದಿದಂತಿಲ್ಲ. ಸ್ಟಾಫ್ ರೂಮಿನ ಆ ಕುರ್ಚಿ ಕೊನೆಯವರೆಗೂ ಖಾಲಿಯೇ ಇತ್ತು. ಭಾನುವಾರಗಳಂದು ಮಾತ್ರ ಪುಟ್ಟಸ್ವಾಮಿಯವರು ಬರುವ ಚನ್ನರಾಯಪಟ್ಟಣದ ಬಸ್ಸಿಗೆ ಕಾದು ಮೇಷ್ಟ್ರು ಅಡಿಗೆಗೆ ಎರಡು ಪಾವು ಅಕ್ಕಿ ಹಾಕುತ್ತಾರೆ.

ಪೂಜ್ಯರು ಆರೋಗ್ಯದಿಂದ ಬಹುಕಾಲ ಬಾಳಲಿ. ಅವರ ಮೇಜಿನ ಮೇಲೆ ಆ ಲೋಟ ಬೋರಲಾಗಿಯೇ ಇರಲಿ, ಅದರಡಿಯ ಹನಿ ನಿಧಾನವಾಗಿಯೇ ಆರಲಿ. ಊಟಕ್ಕೆ ಕೂತಾಗ ಪಕ್ಕದ ಎಲೆ ಇನ್ನು ಖಾಲಿ ಉಳಿಯದಿರಲಿ.